ರುಕ್ಮಿಣಕ್ಕನ ನಾಲ್ಕನೆಯ ಬೋರ್ಡು

ರುಕ್ಮಿಣಕ್ಕ ಕುಳಿತದ್ದನ್ನು ನಾನು ನೋಡಿದ್ದೇ ಅಪರೂಪ. ಡೊಂಬಿವಲಿಯ ನಮ್ಮ ಕನ್ನಡ ಕೂಟದ ಮೀಟಿಂಗಿನಲ್ಲಿ ಎಲ್ಲರಿಗೂ ಕುರ್ಚಿ, ಇವರು ಮಾತ್ರ ಕಿಟಕಿಯ ಸರಳು ಹಿಡಿದು ನಿಂತಿರುವವರು. "ಕೂತ್ಕೊಳ್ಳಿ ಅಕ್ಕಾ" ಎಂದರೆ "ಇರ್ಲಿ ಮಾರಾಯ್ತಿ, ನನಗೆ ನಿಂತೇ ಅಭ್ಯಾಸ" ಎನ್ನುತ್ತಾರೆ. ಎಪ್ಪತ್ತು ದಾಟಿದ ಹೆಂಗಸು ಎದುರಿಗೆ ನಿಂತಿರುವಾಗ ನಾವು ಕಾಲು ಚಾಚಿ ಕೂತು ಬಿಸ್ಕತ್ತು ತಿನ್ನುವುದು ಹೇಗೆ? ಒಬ್ಬೊಬ್ಬರಾಗಿ ನಾವೂ ಎದ್ದುಬಿಡುತ್ತೇವೆ. ನಮ್ಮ ಮೀಟಿಂಗುಗಳು ಬೇಗ ಮುಗಿಯುವುದು ಅವರ ಪುಣ್ಯದಿಂದ.

ನಾನು ಅನಘ. ಮೈಸೂರಿನವಳು, ಮಹಾಪೆಯ ಐಟಿ ಕಂಪನಿಯೊಂದರಲ್ಲಿ ಕೆಲಸ, ವಾಸ ಡೊಂಬಿವಲಿ. ಕೂಟದಲ್ಲಿ ತಪ್ಪಿಲ್ಲದೆ ಕನ್ನಡ ಟೈಪ್ ಮಾಡುವವಳು ನಾನೊಬ್ಬಳೇ ಎಂಬ ಪಾಪಕ್ಕೆ ಕಳೆದ ವರ್ಷ ಫಲಕಗಳ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಅದು ಅಧ್ಯಕ್ಷ ಪುಂಡರೀಕಾಕ್ಷ ರಾಯರ ಕನಸು. ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುವ ಉಡುಪಿಯವರು. ಮನಸ್ಸು ಒಳ್ಳೆಯದು, ಮಾತು ಜಾಸ್ತಿ. ಊರು ಬಿಟ್ಟು ಬಂದ ಮೊದಲ ಕನ್ನಡಿಗರು ಇಲ್ಲಿ ಯಾವ ಮನೆಗಳಲ್ಲಿದ್ದರು, ಬಿಡುವಾದಾಗ ಎಲ್ಲಿ ಸೇರಿ ನಕ್ಕು ಆಡುತ್ತಿದ್ದರು ಎಂದು ತಿಳಿಸುವ ನಾಲ್ಕು ಬೋರ್ಡುಗಳನ್ನು ದಸರೆಯ ಹೊತ್ತಿಗೆ ಆಯಾ ಜಾಗದಲ್ಲಿ ನಿಲ್ಲಿಸಲೇಬೇಕು ಎಂದು ಅವರು ಹಟ ಹಿಡಿದಿದ್ದರು.

ಮೀಟಿಂಗಿನಲ್ಲಿ ನಾನು ಕರಡು ಓದಿದೆ. ಮೊದಲನೆಯದು ಪಶ್ಚಿಮ ಭಾಗದ ಹಳೆಯ ಚಾಳು. ಕರಾವಳಿಯಿಂದ ಬಂದ ಹೋಟೆಲು ಕೆಲಸದವರು ಮೊದಲು ತಳವೂರಿದ ಮನೆ. ಎರಡನೆಯದು ಅವರು ರಜಾದಿನ ವಾಲಿಬಾಲ್ ಆಡುತ್ತಿದ್ದ ಬಯಲು. ಈಗ ಅಲ್ಲಿ ಬಹುಮಹಡಿ ಕಟ್ಟಡವೊಂದರ ಕಾರ್ ಪಾರ್ಕಿಂಗ್. ಮೂರನೆಯದು ಶನಿವಾರ ತಾಳಮದ್ದಳೆ ನಡೆಯುತ್ತಿದ್ದ ಕೋಣೆ. ಈಗ ಮೊಬೈಲ್ ಅಂಗಡಿ. ನಾಲ್ಕನೆಯದು ರಾಯರ ಹೋಟೆಲಿನ ಫ್ಯಾಮಿಲಿ ರೂಮು. ಅಲ್ಲೇನು ಇತಿಹಾಸ ನಡೆದಿತ್ತೋ ನನಗೆ ತಿಳಿಯದು, ರಾಯರು ಬರೆಯಮ್ಮಾ ಎಂದರು, ಬರೆದೆ.

"ಚೆಂದ ಉಂಟು" ಎಂದರು ರುಕ್ಮಿಣಕ್ಕ ಕಿಟಕಿಯ ಬಳಿಯಿಂದ. "ಇದರಲ್ಲಿ ನಾವು ಹೆಂಗಸರು ಎಲ್ಲಿದ್ದೇವೆ?"

"ಚಾಳಿನಲ್ಲಿ ಇದ್ದೀರಲ್ಲ ಅಕ್ಕಾ" ಎಂದರು ರಾಯರು.

"ಚಾಳಿನಲ್ಲಿ ನಾನು ದೋಸೆ ಹುಯ್ತಾ ಇದ್ದೆ ರಾಯರೇ. ವಾಲಿಬಾಲಿನವರಿಗೆ ಚಾ, ತಾಳಮದ್ದಳೆಯವರಿಗೆ ಅವಲಕ್ಕಿ, ಅದೂ ನಾನೇ. ಬಿಡುವಿನ ಜಾಗ ಅಂತ ಬರ್ದಿದ್ದೀರಲ್ಲ, ನಮ್ಮ ಬಿಡುವಿನ ಜಾಗ ಬೇರೆ ಇತ್ತು. ನಾಲ್ಕನೇ ಬೋರ್ಡು ಅಲ್ಲಿಗೆ ಹಾಕಿ."

"ಎಲ್ಲಿ ಅದು?"

"ಬೆಳಗ್ಗಿನ ಡೊಂಬಿವಲಿ ಲೋಕಲ್. ಲೇಡೀಸ್ ಡಬ್ಬ."

ಎಲ್ಲರೂ ಹೋ ಎಂದು ನಕ್ಕರು. ರಾಯರಿಗಂತೂ ನಕ್ಕು ನಕ್ಕು ಕೆಮ್ಮು ಬಂತು. "ಎಂಥ ಅಕ್ಕಾ, ಓಡುವ ರೈಲಿನ ಬೋಗಿಗೆ ಬೋರ್ಡು ಹಾಕ್ಲಿಕ್ಕೆ ಆಗ್ತದಾ? ಜಾಗ ಅಂದ್ರೆ ಒಂದು ಕಡೆ ನಿಲ್ಲಬೇಕು." ರುಕ್ಮಿಣಕ್ಕ ನಗಲಿಲ್ಲ. ಸರಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು, "ದಸರೆ ಕಳೆದ ಮೇಲೆ ನಾನು ಇಲ್ಲಿ ಇರುವುದಿಲ್ಲ. ಮಗ ಕಿಟ್ಟಿ ಕಾಮೋಠೆಯ ತನ್ನ ಮನೆಗೆ ಕರ್ಕೊಂಡು ಹೋಗ್ತಾನೆ. ನಮ್ಮ ಗುಂಪಿನಲ್ಲಿ ಉಳಿದದ್ದು ನಾನೊಬ್ಬಳೇ. ನಾನೂ ಹೋದ ಮೇಲೆ ಅಲ್ಲಿ ನಾವು ಇದ್ದೆವು ಅಂತ ಹೇಳ್ಲಿಕ್ಕೆ ಯಾರುಂಟು?" ಎಂದರು. ರಾಯರು ಮುಂದಿನ ವಿಷಯಕ್ಕೆ ಹೋದರು.

ನನಗೆ ಮೈ ಉರಿಯಿತು. ರಾಯರ ಮೇಲೂ ಉರಿಯಿತು, ನಕ್ಕವರಲ್ಲಿ ನಾನೂ ಒಬ್ಬಳಾಗಿದ್ದೆನಲ್ಲ ಎಂದೂ ಉರಿಯಿತು. ಮೆಟ್ಟಿಲಲ್ಲಿ ಅವರನ್ನು ಹಿಡಿದು, "ಆ ಚಾಳು ತೋರಿಸಿ ಅಕ್ಕಾ, ಬೋರ್ಡಿನ ವಿಷಯ ಆಮೇಲೆ ನೋಡೋಣ" ಎಂದೆ.

ಭಾನುವಾರ ಹೋದೆವು. ಹೋದೆವು ಎಂದರೆ, ಅವರು ಹೋದರು, ನಾನು ಹಿಂದೆ ಓಡಿದೆ. ರಿಕ್ಷಾ ನಡುವೆ ನುಗ್ಗಿ, ತರಕಾರಿಯವರ ಬುಟ್ಟಿ ದಾಟಿ, ಹಿಂತಿರುಗಿಯೂ ನೋಡದೆ ನಡೆಯುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರ ಹಾಗೆ. "ನಿಧಾನ ಕಣ್ರೀ!" ಎಂದು ಕೂಗಿದೆ. ಕಿವಿಯ ಮೇಲೆ ಹಾಕಿಕೊಂಡರೆ ತಾನೆ.

ಚಾಳು ಇನ್ನೂ ನಿಂತಿತ್ತು, ಬಿದ್ದರೂ ಬಿದ್ದೀತು ಎನ್ನುವ ಹಾಗೆ. ಮರದ ಕಟಾಂಜನದ ಉದ್ದದ ಗ್ಯಾಲರಿ, ಒಂದರ ಪಕ್ಕ ಒಂದು ಖೋಲಿ. ಮೂಲೆಯ ಒಂಟಿ ಕೋಣೆಯನ್ನು ರುಕ್ಮಿಣಕ್ಕ ಹೊರಗಿನಿಂದಲೇ ತೋರಿಸಿದರು, ಒಳಗೆ ಇಣುಕಲಿಲ್ಲ. ಹತ್ತೊಂಬತ್ತರ ಮದುಮಗಳಾಗಿ ಅವರು ಬಂದಿಳಿದದ್ದು ಅಲ್ಲಿಗೆ. ಗಂಡ ಹರಿಶ್ಚಂದ್ರ ಲೋಕಲ್ಲಿನ ಕೊನೆಯ ಸ್ಟೇಷನ್ ಕಡೆಯ ಫೋರ್ಟಿನ ಹೋಟೆಲೊಂದರಲ್ಲಿ ಕ್ಯಾಶಿಯರ್. ಅದೇ ಕೋಣೆಯಲ್ಲಿ ಭಾವ, ಓರಗಿತ್ತಿ, ಮೈದುನಂದಿರು. ಮೇಲಿಂದ, ಕೆಲಸ ಸಿಗುವ ತನಕ ಇರುತ್ತೇವೆ ಎಂದು ಊರಿಂದ ಟ್ರಂಕು ಹಿಡಿದು ಬರುವವರು. ರಾತ್ರಿ ಗಂಡಸರು ಗ್ಯಾಲರಿಯಲ್ಲಿ, ಹೆಂಗಸರು ಒಳಗೆ ಒಲೆಯ ಪಕ್ಕ.

"ಇಲ್ಲಿ ನಾನು ಕಾಲು ನೀಡಿ ಮಲಗಿದ್ದೇ ಇಲ್ಲ" ಎಂದರು. "ನೀನು ಬರ್ದಿದ್ದೀಯಲ್ಲ, ನೆಮ್ಮದಿಯ ನೆಲೆ ಅಂತ. ಯಾರ ನೆಮ್ಮದಿ ಮಾರಾಯ್ತಿ?"

ಬ್ಯಾಗಿನಿಂದ ಕರಡು ತೆಗೆದು ನೆಮ್ಮದಿ ಎಂಬ ಪದವನ್ನು ಅಲ್ಲೇ ಹೊಡೆದುಹಾಕಿದೆ. ಅವರು ಆಗಲೇ ಗೇಟು ದಾಟಿ ಸ್ಟೇಷನ್ನಿನ ದಾರಿ ಹಿಡಿದಿದ್ದರು.

ಪ್ಲಾಟ್‌ಫಾರ್ಮಿನಲ್ಲಿ ಲೇಡೀಸ್ ಡಬ್ಬ ಬಂದು ನಿಲ್ಲುವ ಕಡೆ ಒಂದು ಕಂಬವಿದೆ. ಅದಕ್ಕೆ ಕೈ ಆನಿಸಿ ನಿಂತ ಮೇಲೆ ಅವರ ಉಸಿರು ಹದಕ್ಕೆ ಬಂತು. ದಿನಾ ಆಫೀಸಿಗೆಂದು ಅದೇ ಸ್ಟೇಷನ್ನಿನಿಂದ ಹೊರಟು ಥಾಣೆಯಲ್ಲಿ ರೈಲು ಬದಲಿಸುವವಳು ನಾನು. ಆದರೆ ನನ್ನದು ಫಸ್ಟ್ ಕ್ಲಾಸ್ ಪಾಸು, ನಿಲ್ಲುವುದು ಇನ್ನೊಂದು ಕಡೆ. ಈ ಕಂಬದ ಹತ್ತಿರ ನಾನು ಒಮ್ಮೆಯೂ ನಿಂತಿರಲಿಲ್ಲ.

ಟೈಪಿಂಗ್ ಪರೀಕ್ಷೆ ಪಾಸಾಗಿದ್ದ ರುಕ್ಮಿಣಕ್ಕನಿಗೆ ಫೋರ್ಟಿನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿದಾಗ ಭಾವ ಮುಖ ಊದಿಸಿಕೊಂಡರಂತೆ. ಗಂಡ, ಪುಣ್ಯಾತ್ಮ, ಹೋಗು ಎಂದ. ಮೊದಲ ದಿನ ಇಲ್ಲಿ ಕಾಲಿಡಲು ಜಾಗವಿಲ್ಲದ ನೂಕುನುಗ್ಗಲು. ರೈಲು ಬಂತು, ಹೆಂಗಸರು ನುಗ್ಗಿದರು, ಇವರು ಈ ಕಂಬವನ್ನು ತಬ್ಬಿ ನಿಂತುಬಿಟ್ಟರು. ಆಗ ಬಾಗಿಲಿನಿಂದ ಒಂದು ಕೈ ಬಂದು ಇವರ ರಟ್ಟೆ ಹಿಡಿದು ಎಳೆಯಿತು.

"'ಬಾರ ಯವ್ವಾ, ಒಳಗ ಬಾ, ಕಂಬಾ ಏನ್ ನಿನ್ನ ಗಂಡನ?' ಅಂದ್ಳು. ಅವಳೇ ಸತ್ಯಭಾಮಾ. ಧಾರವಾಡದವಳು, ಶಾಲೆಯಲ್ಲಿ ಟೀಚರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕದ್ದು ನೆನಪುಂಟು. ಈ ಊರಿಗೆ ಬಂದ ಮೇಲೆ ಮೊದಲ ಸಲ ನಕ್ಕದ್ದು."

ಆಮೇಲಿನದನ್ನು ಅವರು ಹೇಳುವಾಗ ನಾನು ಬಾಯಿ ಹಾಕಲಿಲ್ಲ, ಅದೇ ದೊಡ್ಡದು. ಆ ಡಬ್ಬದಲ್ಲಿ ಕನ್ನಡದ ಹೆಂಗಸರ ಗುಂಪೊಂದು ಬೆಳೆಯಿತು. ಉಡುಪಿಯವರು, ಧಾರವಾಡದವರು, ಬೆಂಗಳೂರಿನವರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ನಗೆ. ಹೋಗುವಾಗ ಹಾಡು, ಬರುವಾಗ ಮಡಿಲಲ್ಲಿ ಬಟಾಣಿ ಸುಲಿಯುವುದು, ಮೆಂತ್ಯೆ ಸೊಪ್ಪು ಬಿಡಿಸುವುದು. ಸೀಮಂತ ಮಾಡಿದ್ದು ಅಲ್ಲಿ, ಅತ್ತೆಯಂದಿರನ್ನು ಬೈದದ್ದು ಅಲ್ಲಿ, ಅತ್ತದ್ದೂ ಅಲ್ಲಿ. ಯಾರೂ ನೀರು ಕೊಡು, ಅನ್ನ ಬಡಿಸು ಎಂದು ಕರೆಯದ ಒಂದೇ ಜಾಗ ಅದು.

"ಜಗಳ ಆಗ್ತಿರಲಿಲ್ವಾ?" ಎಂದೆ.

"ಅಯ್ಯೋ, ಸೀಟಿಗೆ ಜುಟ್ಟು ಹಿಡ್ಕೊಳ್ಳುವುದೊಂದು ಬಾಕಿ! ಡೊಂಬಿವಲಿಯಲ್ಲಿ ಸೀಟು ಸಿಕ್ಕಿದವಳು ಕಡೆಯ ತನಕ ಮಹಾರಾಣಿ. ಸಿಗದವಳು ನಿಂತೇ ಸಾಯಬೇಕು. ಒಂದು ದಿನ ಸತ್ಯಭಾಮಾ ಎದ್ದಳು. ಥಾಣೆ ಹತ್ತಿರ ಬಂದಿತ್ತು. ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ನಡುವಿನ ಕಂಬಕ್ಕೆ ಟಣ್ ಟಣ್ ಅಂತ ಬಡಿದಳು. 'ಥಾಣಾ ಬಂತು. ಕೂತಾವ್ರು ಏಳ್ರಿ, ನಿಂತಾವ್ರು ಕೂಡ್ರಿ. ಕಾಲು ಎಲ್ಲಾರಿಗೂ ಅದಾವ' ಅಂದಳು. ಟೀಚರು ಅಲ್ವಾ, ನಾವು ಎದ್ದೆವು. ಮರುದಿನವೂ ಬಡಿದಳು. ಆಮೇಲೆ ಅದೇ ನಿಯಮ ಆಯ್ತು. ಮರಾಠಿಯವರು, ಗುಜರಾತಿಯವರು, ಎಲ್ಲರೂ ಕೇಳಿದರು."

ಆ ಸತ್ಯಭಾಮಾ ತೀರಿಕೊಂಡು ಹೋಗಿ ವರ್ಷಗಳಾದವು. ಉಳಿದವರಲ್ಲಿ ಕೆಲವರು ಊರು ಸೇರಿದರು, ಕೆಲವರು ಇಲ್ಲವಾದರು. ನಿವೃತ್ತಿಯಾದ ಮೇಲೆ ಈ ರೈಲು ಹತ್ತಲು ರುಕ್ಮಿಣಕ್ಕನಿಗೆ ಕಾರಣವೇ ಇರಲಿಲ್ಲ. ಆದರೂ ಬೆಳಿಗ್ಗೆ ಆ ಹೊತ್ತಿಗೆ ಮನೆಯಲ್ಲಿ ಕೂರಲಾಗದೆ ಹಾಲು ತರುವ ನೆಪದಲ್ಲಿ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ರೈಲು ಹೊರಡುವುದನ್ನು ನೋಡಿ ಬರುತ್ತಾರಂತೆ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಸ್ಟೇಷನ್ನಿನಲ್ಲಿ ವಿಚಾರಿಸಿದೆ. ಖಾಸಗಿ ಬೋರ್ಡಿಗೆ ಅಲ್ಲಿ ಅವಕಾಶವಿಲ್ಲ ಎಂದು ನಯವಾಗಿಯೇ ಹೇಳಿದರು. ರಾಯರಿಗೆ ಮತ್ತೊಮ್ಮೆ ಹೇಳಿ ನೋಡಿದೆ. ಅವರು, "ನೀನೂ ಅವರ ಜೊತೆ ಸೇರಿದೆಯಾ?" ಎಂದು ಕೈಮುಗಿದರು. ಫ್ಯಾಮಿಲಿ ರೂಮಿನ ಬೋರ್ಡಿಗೆ ಆಗಲೇ ಹಿತ್ತಾಳೆಯ ಚೌಕಟ್ಟು ಆರ್ಡರ್ ಆಗಿತ್ತು. ಕಾಮೋಠೆಯಲ್ಲಿ ಕಿಟ್ಟಿ ಅಮ್ಮನ ಕೋಣೆಗೆ ಬಣ್ಣ ಹೊಡೆಸುತ್ತಿದ್ದ. ದಸರೆ ಎದುರಿಗೇ ಬಂದು ನಿಂತಿತ್ತು. ಆ ದಿನಗಳಲ್ಲಿ ಆಫೀಸಿನಲ್ಲಿ ಕೂತರೂ ನನಗೆ ಕೂತ ಹಾಗಿರಲಿಲ್ಲ. ಏನನ್ನೋ ಮರೆತು ಮನೆ ಬಿಟ್ಟು ಬಂದ ಹಾಗೆ ಜೀವ ಚಡಪಡಿಸುತ್ತಿತ್ತು.

ದಾರಿ ಹೊಳೆದದ್ದು ರುಕ್ಮಿಣಕ್ಕನಿಗೇ. ಬೆಳ್ಳಂಬೆಳಿಗ್ಗೆ ನನ್ನ ಮನೆ ಬೆಲ್ ಒತ್ತಿ, ಒಳಗೂ ಬಾರದೆ, ಹೊಸ್ತಿಲಲ್ಲೇ ನಿಂತು ಕೇಳಿದರು: "ದಸರೆ ಹಿಂದಿನ ದಿನ ಡಬ್ಬಕ್ಕೆ ತೋರಣ ಕಟ್ತಾರಲ್ಲ?"

ಹೌದಲ್ಲ! ದಸರೆ ರಜೆಯ ಮುಂಚಿನ ದಿನ ಇಲ್ಲಿಯ ಲೋಕಲ್ ರೈಲುಗಳಲ್ಲಿ ದಿನನಿತ್ಯದ ಪ್ರಯಾಣಿಕರು ತಮ್ಮ ತಮ್ಮ ಡಬ್ಬವನ್ನು ಸಿಂಗರಿಸುತ್ತಾರೆ. ಚೆಂಡುಹೂವಿನ ಮಾಲೆ, ಮಾವಿನ ಸೊಪ್ಪು, ದೇವರ ಪಟ, ಪೇಢಾ. ಅಷ್ಟೆಲ್ಲ ಕಟ್ಟುವಲ್ಲಿ ಇನ್ನೊಂದು ಹಗುರ ಬೋರ್ಡನ್ನು ಯಾರು ಬೇಡವೆನ್ನುತ್ತಾರೆ?

"ಒಂದು ದಿನಕ್ಕಾದರೆ ಒಂದು ದಿನ" ಎಂದರು. "ನಾನು ಕಣ್ಣಾರೆ ನೋಡಿ ಹೋಗ್ತೇನೆ. ಸಾಕು."

ಬರೆದುಕೊಟ್ಟೆ. ಮೊದಲು ನಾನು ಐತಿಹಾಸಿಕ, ಸಾಂಸ್ಕೃತಿಕ ಎಂದೆಲ್ಲ ತುಂಬಿದ್ದನ್ನು ಅವರು ಓದಿ ಮೂಗು ಮುರಿದರು. ಕೊನೆಗೆ ಉಳಿದದ್ದು ಇಷ್ಟು: "ಊರು ಬಿಟ್ಟು ಬಂದ ಕನ್ನಡದ ಹೆಂಗಸರು ಈ ಡಬ್ಬದಲ್ಲಿ ಹಾಡಿದರು, ಬಟಾಣಿ ಸುಲಿದರು, ಜಗಳವಾಡಿದರು. ಇದು ಅವರ ಮನೆಯ ಜಗಲಿ." ಕೆಳಗೆ ಎಲ್ಲರ ಹೆಸರು, ಮೊದಲು ಸತ್ಯಭಾಮಾ. ಪಕ್ಕದಲ್ಲಿ ಮರಾಠಿಯಲ್ಲೂ ಅದನ್ನೇ ಬರೆಸಿದೆವು. ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಕೂಟದ ಹೆಸರು. ಅದನ್ನು ರಾಯರಿಗೆ ಕೇಳದೆ ನಾನೇ ಹಾಕಿಸಿದೆ.

ಆ ಬೆಳಿಗ್ಗೆ ರುಕ್ಮಿಣಕ್ಕ ರೇಷ್ಮೆ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು ಬಂದಿದ್ದರು. ಕಂಬದ ಹತ್ತಿರ ನಿಲ್ಲಲಾರರು, ಆ ಕಡೆ ಈ ಕಡೆ ಓಡಾಡುತ್ತಲೇ ಇದ್ದರು. "ಅವರು ಬೇಡ ಅಂದ್ರೆ?" ಎಂದು ಕೇಳುವುದು, ನಾನು "ಅನ್ನಲ್ಲ ಬಿಡಿ" ಎನ್ನುವುದು, ಮತ್ತೆ ಅದೇ ಕೇಳುವುದು. ರೈಲು ಬಂತು. ಈ ಸಲ ಅವರ ರಟ್ಟೆ ಹಿಡಿದು ಒಳಗೆ ಎಳೆದವಳು ನಾನು.

ಡಬ್ಬದೊಳಗೆ ಆಗಲೇ ಹೂವಿನ ರಾಶಿ. ಈಗಿನ ಗುಂಪಿನ ಮುಂದಾಳು ಅಕ್ಷಯಾ ಎಂಬ ಮರಾಠಿ ಹುಡುಗಿ. ಬ್ಯಾಂಕಿನಲ್ಲಿ ಕೆಲಸವಂತೆ, ಬಾಯಲ್ಲಿ ಸೆಲ್ಲೋಟೇಪು ಕಚ್ಚಿಕೊಂಡು ಸೀಟಿನ ಮೇಲೆ ಹತ್ತಿ ಮಾಲೆ ಕಟ್ಟುತ್ತಿದ್ದಳು. ಬೋರ್ಡು ನೋಡಿ ಹುಬ್ಬು ಗಂಟಿಕ್ಕಿದಳು.

"ಹೇ ಕಾಯ್, ಆಜಿ?"

ಏನಜ್ಜೀ ಇದು ಎಂದು ಅವಳು ಕೇಳಿದರೆ, ಯಾವ ಮೀಟಿಂಗಿನಲ್ಲೂ ತಡವರಿಸದ ರುಕ್ಮಿಣಕ್ಕ ಬೋರ್ಡನ್ನು ಎದೆಗೆ ಅವುಚಿಕೊಂಡು ನಿಂತುಬಿಟ್ಟರು. ಅಕ್ಷಯಾ ಬಗ್ಗಿ ತಾನೇ ಮರಾಠಿಯ ಸಾಲು ಓದಿದಳು. ಓದಿ, ಜಗಳವಾಡಿದರು ಎಂಬಲ್ಲಿ ಪಕ್ಕನೆ ನಕ್ಕಳು. ನಕ್ಕವಳು ದೇವರ ಪಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಬೋರ್ಡಿಗೆ ಜಾಗ ಮಾಡಿದಳು. ಕಟ್ಟಿ, ಮಾಲೆ ಹಾಕಿ, ಕುಂಕುಮವನ್ನೂ ಹಚ್ಚಿಬಿಟ್ಟಳು. "ನೀವು ಎಲ್ಲಿ ಕೂರ್ತಿದ್ರಿ?" ಎಂದು ಹಿಂದಿಯಲ್ಲಿ ಕೇಳಿದಳು. ರುಕ್ಮಿಣಕ್ಕ ಕಿಟಕಿಯ ಸೀಟಿನ ಕಡೆ ಬೆರಳು ತೋರಿಸಿದರು. ಅಲ್ಲಿ ಕೂತಿದ್ದವಳು ಎದ್ದಳು. ಡೊಂಬಿವಲಿ ಲೋಕಲ್ಲಿನಲ್ಲಿ ಕಿಟಕಿ ಬಿಟ್ಟುಕೊಡುವುದೆಂದರೆ ಮಕ್ಕಳಾಟವಲ್ಲ.

ಕೂತರು, ನಮ್ಮ ರುಕ್ಮಿಣಕ್ಕ. ಬೆನ್ನು ಆನಿಸಿ, ಕೈ ಮಡಿಲಲ್ಲಿಟ್ಟು, ಚೆನ್ನಾಗಿ ಕೂತರು. ಕೋಪರ್ ಹೋಯಿತು, ದಿವಾ ಹೋಯಿತು. ಖಾಡಿಯ ಹಿನ್ನೀರು, ಸಮುದ್ರದ್ದು, ಹೊಳೆಯಿತು. ನಾನು ಎದುರಿಗೆ ನಿಂತು ಅವರನ್ನೇ ನೋಡುತ್ತಿದ್ದೆ. ಅವರು ಬೋರ್ಡನ್ನು ನೋಡುತ್ತಿದ್ದರು. ಅಂತೂ ಕೆಲಸ ಆಯಿತಪ್ಪಾ ಎಂದುಕೊಂಡೆ.

ಕಳವಾ ದಾಟಿ ರೈಲಿನ ವೇಗ ತಗ್ಗುತ್ತಿತ್ತು. ಅಕ್ಷಯಾ ಬ್ಯಾಗಿನಿಂದ ಸ್ಟೀಲಿನ ನೀರಿನ ಬಾಟಲಿ ತೆಗೆದಳು. ಕುಡಿಯುತ್ತಾಳೆ ಎಂದುಕೊಂಡೆ. ಅವಳು ಅದರಿಂದ ನಡುವಿನ ಕಂಬಕ್ಕೆ ಬಡಿದಳು. ಟಣ್ ಟಣ್.

"ಥಾಣಾ! ಚಲಾ, ಉಠಾ!"

ಕೂತಿದ್ದ ಹೆಂಗಸರೆಲ್ಲ ಬ್ಯಾಗು ಎತ್ತಿಕೊಂಡು ಎದ್ದರು. ನಿಂತಿದ್ದವರು ಕೂತರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಮಾತು ನಿಲ್ಲಿಸಲಿಲ್ಲ. ಒಬ್ಬಳು ಫೋನಿನಲ್ಲಿ ಮಗನಿಗೆ ಪಾಠ ಹೇಳುತ್ತಲೇ ಎದ್ದಳು.

ತಿರುಗಿ ನೋಡಿದರೆ ಎಲ್ಲರಿಗಿಂತ ಮೊದಲು ಎದ್ದು ನಿಂತವರು ರುಕ್ಮಿಣಕ್ಕ. ಕಂಬ ಹಿಡಿದಿದ್ದರು.

"ಆಜಿ, ತುಮ್ಹೀ ಬಸಾ ನಾ" ಎಂದಳು ಅಕ್ಷಯಾ, ನೀವು ಕೂತಿರಿ ಎಂದು. ರುಕ್ಮಿಣಕ್ಕ ಕೇಳಿಸಿಕೊಳ್ಳಲಿಲ್ಲ. ಇದನ್ನು ನಿಮಗೆ ಯಾರು ಕಲಿಸಿದ್ದು ಎಂದು ತಮ್ಮ ಹರಕು ಮರಾಠಿಯಲ್ಲಿ ಕೇಳಿದರು. ಅಕ್ಷಯಾ ಭುಜ ಹಾರಿಸಿದಳು. ಗೊತ್ತಿಲ್ಲ ಅಜ್ಜಿ, ನಾನು ಬಂದಾಗಲೂ ಹೀಗೇ ಇತ್ತು, ನನಗಿಂತ ಮುಂಚಿನವರೂ ಹೀಗೇ ಮಾಡುತ್ತಿದ್ದರು.

ರುಕ್ಮಿಣಕ್ಕ ಬೋರ್ಡಿನ ಮೇಲಿದ್ದ ಮೊದಲ ಹೆಸರಿನ ಕಡೆ ತಿರುಗಿ, "ಕೇಳಿತಾ ಮಾರಾಯ್ತಿ?" ಎಂದರು. "ಕೇಳಿತಾ ನಿಂಗೆ?" ಆಮೇಲೆ ಅತ್ತರು. ಡಬ್ಬದ ತುಂಬ ಜನ, ಒಬ್ಬೊಬ್ಬರೂ ಒಂದೊಂದು ಪೇಢಾ ಅವರ ಕೈಗೆ ತುರುಕಿದರು. ನಾನು ಥಾಣೆಯಲ್ಲಿ ಇಳಿಯಬೇಕಿತ್ತು, ಇಳಿಯಲಿಲ್ಲ. ಕೊನೆಯ ಸ್ಟೇಷನ್ನಿನ ತನಕ ಅವರು ನಿಂತೇ ಬಂದರು, ನಾನೂ ನಿಂತೇ ಹೋದೆ.

ಇಳಿದ ಮೇಲೆ ನೆನಪಾಗಿ, "ಬೋರ್ಡು ಅಕ್ಕಾ!" ಎಂದು ತಿರುಗಿದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. "ಇರ್ಲಿ, ಬಿಡು." ರೈಲು ಬೇರೆ ಊರಿನ ಹೆಸರು ಹಾಕಿಕೊಂಡು ಹೊರಟುಹೋಯಿತು.

ವಿಷಯ ತಿಳಿದಾಗ ರಾಯರು ಕೂಗಾಡಿದ್ದು ಹೋಟೆಲಿನ ಅಡುಗೆಮನೆಗೂ ಕೇಳಿಸಿತಂತೆ. "ಕೂಟದ ಹೆಸರಿರುವ ಬೋರ್ಡು! ಅದು ಕರ್ಜತಿಗೆ ಹೋಯ್ತೋ, ಕಸಾರಾಕ್ಕೆ ಹೋಯ್ತೋ, ಎಂಥ ಕೆಲಸ ಮಾಡಿದ್ರಿ ನೀವು?" ನನಗೂ ರೇಗಿತು. "ನಿಮ್ಮ ನಾಲ್ಕು ಬೋರ್ಡುಗಳನ್ನು ಓದೋಕೆ ಯಾರು ಬಂದರು ರಾಯರೇ? ಪಾರ್ಕಿಂಗಿನ ಬೋರ್ಡಿಗೆ ಯಾರೋ ಆಗಲೇ ಸ್ಕೂಟರ್ ಒರಗಿಸಿದ್ದಾರೆ" ಎಂದೆ. ಅವರು ಎರಡು ದಿನ ಮಾತು ಬಿಟ್ಟರು. ಆಮೇಲೆ ಅವರೇ ಫಿಲ್ಟರ್ ಕಾಫಿ ಕಳಿಸಿದರು, ಅದು ಬೇರೆ ಮಾತು.

ರುಕ್ಮಿಣಕ್ಕ ಕಾಮೋಠೆಗೆ ಹೋದರು. ಒಮ್ಮೆ ಹೋಗಿ ನೋಡಿದೆ. ಗಾಳಿ ಬೆಳಕಿನ ದೊಡ್ಡ ಫ್ಲ್ಯಾಟು, ಬಾಲ್ಕನಿಯಲ್ಲಿ ಅವರಿಗೆಂದೇ ಕಿಟ್ಟಿ ತಂದಿಟ್ಟ ಬೆತ್ತದ ಕುರ್ಚಿ. ಅಮ್ಮ ಈಗ ಕೂರುತ್ತಾಳೆ, ಡಾಕ್ಟರು ಮಂಡಿಗೆ ವಿಶ್ರಾಂತಿ ಬೇಕು ಅಂದಿದ್ದಾರೆ ಎಂದ ಕಿಟ್ಟಿ. ಕೂತಿದ್ದರು, ನಿಜ. ಕೆಳಗೆ ಇಣುಕಿ, "ಇಲ್ಲಿ ಎಂಥದೂ ಓಡುವುದೇ ಇಲ್ಲ" ಎಂದು ನನಗೆ ಮಾತ್ರ ಕೇಳುವ ಹಾಗೆ ಅಂದರು. ಎಷ್ಟು ಸಂಕಟವಾಯಿತೆಂದರೆ ಕೊಟ್ಟ ಚಹಾ ಪೂರ್ತಿ ಕುಡಿಯದೆ ಎದ್ದು ಬಂದೆ.

ಮರುದಿನದಿಂದ ನಾನು ಸೆಕೆಂಡ್ ಕ್ಲಾಸ್ ಲೇಡೀಸ್ ಡಬ್ಬಕ್ಕೆ ಹತ್ತುತ್ತಿದ್ದೇನೆ. ಫಸ್ಟ್ ಕ್ಲಾಸ್ ಪಾಸು ಪರ್ಸಿನಲ್ಲೇ ಇದೆ. ಹುಚ್ಚು ಎಂದರು ಆಫೀಸಿನವರು, ಅನ್ನಲಿ. ಬೋರ್ಡು ಮತ್ತೆ ನನ್ನ ಕಣ್ಣಿಗೆ ಬಿದ್ದಿಲ್ಲ. ಕಳವಾ ಬಂದ ಕೂಡಲೇ ರುಕ್ಮಿಣಕ್ಕನಿಗೆ ಫೋನ್ ಹಚ್ಚುತ್ತೇನೆ. ನಾವಿಬ್ಬರೂ ಹೆಚ್ಚು ಮಾತಾಡುವುದಿಲ್ಲ. "ಬಂತಾ?" ಎನ್ನುತ್ತಾರೆ. "ಬಂತು ಅಕ್ಕಾ" ಎಂದು ಫೋನನ್ನು ಕಂಬದ ಹತ್ತಿರ ಹಿಡಿಯುತ್ತೇನೆ.

ಟಣ್ ಟಣ್.

ಫೋನನ್ನು ಮತ್ತೆ ಕಿವಿಗಿಟ್ಟರೆ ಆ ಕಡೆಯಿಂದ ಕುರ್ಚಿ ಹಿಂದಕ್ಕೆ ಸರಿದ ಸದ್ದು, ಬಳೆಯ ಸದ್ದು, ಎದ್ದು ನಿಂತವರ ಉಸಿರು.

"ನನ್ನ ಜಾಗದಲ್ಲಿ ಯಾರು ಕೂತರು?" ಎಂದು ಕೇಳುತ್ತಾರೆ.

"ಯಾರೋ ಹೊಸಬಳು ಅಕ್ಕಾ" ಎನ್ನುತ್ತೇನೆ.

"ಕೂರ್ಲಿ" ಎನ್ನುತ್ತಾರೆ.